ಅಪ್ಪನ ಮನೆ ಕೇಳಿಕೊಂಡು ಹೋದದ್ದು

“ಅಪ್ಪನ ಮನೆಯೋರೇ ಇವ್ನು ನಮ್ಮನೆಯೋನಲ್ಲ ಅಂತಾರೆ! ಅಂದ್ಮೇಲೆ ಇವ್ನು ಯಾರಿಗೆ ಹುಟ್ಟಿದ್ನೇ?”

“ಅಪ್ಪಾ, ಬಾಯಿ ಹಿಡಿತದಲ್ಲಿರ್ಲಿ.”

“ಯಾಕಿರ್ಬೇಕು? ಕಾರು ಬಾಡಿಗೆಗೆ ಹಿಡಿದಿರೋನು ನಾನು. ಬಾಯಿ ನನ್ದು!”

“ಕಿವಿ ನನ್ದು. ಶೀನಣ್ಣಾ, ಕಾರು ನಿಲ್ಸಿ. ನಾನು ಇಳೀತೀನಿ.”

“ಎಲ್ಲಿ ಇಳೀತೀಯ? ಈ ಕಡೆ ಸಮುದ್ರ, ಆ ಕಡೆ ಹೊಳೆ. ಇಳ್ದು ಏನ್ ಈಜ್ತೀಯಾ?”

ಶೀನ ನಮ್ಮ ಬಾಡಿಗೆ ಕಾರಿನ ಡ್ರೈವರ್, ಕುಂದಾಪುರದವನು. ಯಾರ ಮಾತು ಕೇಳಬೇಕೋ ತಿಳಿಯದೆ ಮರವಂತೆಯ ರಸ್ತೆಯ ಅಂಚಿಗೆ ಕಾರು ತಂದು ನಿಲ್ಲಿಸಿದ. ನನ್ನ ಮಗಳು ಗಿರಿಜಾ ಇಳಿದು, ಬಾಗಿಲನ್ನು ದಡಾರನೆ ಹಾಕಿ, ಸಮುದ್ರದ ಕಡೆ ಹೋಗಿ ಒಂದು ಕಲ್ಲಿನ ಮೇಲೆ ಕುಳಿತಳು. ನಾನೂ ಇಳಿದೆ. ಹೊಳೆಯ ಕಡೆ ಮುಖ ಮಾಡಿ ನಿಂತೆ. ಅಪ್ಪ ಮಗಳ ಬೆನ್ನಿನ ನಡುವೆ ಒಂದು ರಸ್ತೆ, ರಸ್ತೆಯಲ್ಲಿ ಒಂದು ಕಾರು, ಕಾರಿನೊಳಗೆ ಬೀಡಿ ಹಚ್ಚಲೋ ಬೇಡವೋ ಎಂದು ಕೂತ ಶೀನ.

ನಮ್ಮದು ಕಡೂರು ಸೀಮೆ. ರಾಗಿ ಬೆಳೆಯುತ್ತೇವೆ, ಒಂದಿಷ್ಟು ತೆಂಗಿದೆ, ನಾನು ಕೊಬ್ಬರಿ ವ್ಯಾಪಾರವನ್ನೂ ಮಾಡುತ್ತೇನೆ. ನಾನು ಓದಿದ್ದು ಊರ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು. ಗಿರಿಜಾಳನ್ನು ಮಾತ್ರ ನೆಂಟರಿಷ್ಟರ ಕೈಲೆಲ್ಲ ಬೈಸಿಕೊಂಡು ಓದಿಸಿದೆ. ಅವಳು ಟ್ರೈನಿಂಗ್ ಮುಗಿಸಿ ಕಡೂರಿನ ಶಾಲೆಯಲ್ಲಿ ಟೀಚರ್ ಆದಳು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿರಬೇಕು, ಒಂದು ದಿನ ನಾನು ಉಣ್ಣಲು ಕೂತಾಗ ಎದುರು ಬಂದು ನಿಂತು, ಶಾಲೆಯ ಎದುರು ಹೋಟೆಲ್ ಇಟ್ಟಿರುವ ರತ್ನಾಕರ ಶೆಟ್ಟಿಯನ್ನು ಮದುವೆಯಾಗುತ್ತೇನೆ ಎಂದಳು. ಮುರಿದ ಮುದ್ದೆಯನ್ನು ತಟ್ಟೆಗೇ ಹಾಕಿದೆ.

ಹುಡುಗನೂ ಬಂದ. “ನಮ್ಮದೂ ಬೇಸಾಯದ ಮನೆತನವೇ ಗೌಡ್ರೇ. ಗದ್ದೆ ಇದೆ, ದೊಡ್ಡ ಮನೆ ಇದೆ” ಎಂದ. ಹೊಡೆಯಬೇಕೆಂದು ಎದ್ದವನು ಹೊಡೆಯಲಿಲ್ಲ. ಗಿರಿಜಾ ಹುಟ್ಟಿದಾಗಿನಿಂದ ನನ್ನ ಹತ್ತಿರ ಇಂಥದು ಬೇಕು ಎಂದು ಕೇಳಿದವಳಲ್ಲ. ಅದಕ್ಕೆ ಒಂದು ಮಾತು ಕೊಟ್ಟೆ: “ಹುಡುಗನ ಮನೆ ನಾನೇ ಹೋಗಿ ನೋಡ್ತೀನಿ. ಸರಿಯಾಗಿದ್ರೆ ಮದುವೆ. ಇಲ್ದಿದ್ರೆ ಆ ಹೆಸರು ನಮ್ಮನೇಲಿ ಎತ್ತಂಗಿಲ್ಲ.”

“ನಾನೂ ಬರ್ತೀನಿ. ನೋಡೋದೇ ಆದ್ರೆ ಇಬ್ಬರೂ ನೋಡೋಣ” ಎಂದಳು ಅವಳು.

ರತ್ನಾಕರನಿಗೆ ನಾವು ತಿಳಿಸಲಿಲ್ಲ. ಹೇಳಿ ಹೋದರೆ ಯಾವ ಮನೆಯಾದರೂ ಸುಣ್ಣ ಬಳಿದುಕೊಂಡು ಕೂತಿರುತ್ತದೆ. ಹೇಳದೆ ಹೋಗಿ ನಾಲ್ಕು ಜನರ ಬಾಯಲ್ಲಿ ಕೇಳಬೇಕು. ನಮ್ಮ ಕಡೆ ಸಂಬಂಧ ನೋಡುವುದೇ ಹಾಗೆ.

ಅದು ಐವತ್ತೆಂಟನೆಯ ಇಸವಿ. ಶಿವಮೊಗ್ಗದಿಂದ ಬಸ್ಸಿನಲ್ಲಿ ಘಾಟಿ ಇಳಿದು, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಕುಂದಾಪುರ ಸೇರಿದೆವು. ಎರಡು ವರ್ಷದ ಹಿಂದೆ ಈ ಸೀಮೆಯನ್ನೂ ನಮ್ಮ ಸೀಮೆಯನ್ನೂ ಸೇರಿಸಿ ಒಂದೇ ರಾಜ್ಯ ಎಂದಿದ್ದರು. ಎಂದರೇನಾಯಿತು? ನನಗೆ ಅದು ಪರದೇಶವೇ. ಕನ್ನಡವೇ ಆಡುತ್ತಾರೆ, ಆದರೆ ಓಡುವ ಬಸ್ಸು ಹತ್ತುವವರ ಹಾಗೆ ಆಡುತ್ತಾರೆ. ಅನ್ನ ಕೆಂಪಗೆ ದಪ್ಪ, ಅಗಿದಷ್ಟೂ ಮುಗಿಯುವುದಿಲ್ಲ. ಮೈಯಿಂದ ನೀರು ಇಳಿಯುತ್ತಲೇ ಇರುತ್ತದೆ.

ಅದಕ್ಕಿಂತ ದೊಡ್ಡ ಗೊಂದಲ ಹುಡುಗನ ಊರಿನದು. ಕೇಳಿದವರಿಗೆಲ್ಲ ಅವನು ಕುಂದಾಪುರ ಎನ್ನುತ್ತಿದ್ದ. ಹೋಟೆಲಿನಲ್ಲಿ ಕಾಫಿ ಕುಡಿಯುವವರು ಅವನನ್ನು ಬೈಂದೂರು ಶೆಟ್ಟಿ ಎಂದು ಕರೆಯುತ್ತಿದ್ದರು. ಅವನಿಗೆ ಮನೆಯಿಂದ ಬರುವ ಕಾಗದದ ಮೇಲೆ ಬ್ರಹ್ಮಾವರದ ಅಂಚೆ ಮುದ್ರೆ ಇರುತ್ತದೆಂದು ಗಿರಿಜಾ ಹೇಳಿದಳು. ಒಬ್ಬ ಮನುಷ್ಯನಿಗೆ ಮೂರು ಊರು! ನಮ್ಮಲ್ಲಿ ಮೂರು ಊರು ಹೇಳುವವನು ಕಳ್ಳ, ಇಲ್ಲವೇ ಸನ್ಯಾಸಿ. ಅದಕ್ಕೇ ಕಾರು ಹಿಡಿದೆ. ಮೂರು ಕಡೆಯೂ ಸುತ್ತಿ ಬೇರು ಹುಡುಕಿಯೇ ಬಿಡುತ್ತೇನೆ ಎಂದು.

ಮೊದಲ ದಿನ ಬೈಂದೂರಿಗೆ ಬಿಡಿಸಿದೆ. ಅಲ್ಲಿ ಅಂಗಡಿಕಟ್ಟೆಯಲ್ಲಿ ಕೂತಿದ್ದ ಮುದುಕನನ್ನು, “ರತ್ನಾಕರ ಶೆಟ್ಟಿ ಅಂತ, ಕಡೂರಲ್ಲಿ ಹೋಟ್ಲು. ಅವರ ಮನೆ ಯಾವ್ದು?” ಎಂದು ಕೇಳಿದೆ.

“ತಾಯಿ ಮನಿ ಯಾವ್ದ್?” ಎಂದ ಅವನು.

“ತಾಯಿ ಮನೆ ಕಟ್ಕೊಂಡು ನಂಗೇನಯ್ಯಾ? ಅಪ್ಪನ ಹೆಸರು ಮಂಜಯ್ಯ ಶೆಟ್ಟಿ.”

“ಅಪ್ಪನ ಹೆಸ್ರ್ ಹೇಳಿರೆ ಹ್ಯಾಂಗ್ ಗುತ್ತಾಪ್ದ್ ಮಾರಾಯ್ರೇ?”

ನಾನು ಗಿರಿಜಾಳ ಮುಖ ನೋಡಿದೆ. ಅಪ್ಪನ ಹೆಸರು ಹೇಳಿದರೆ ಗೊತ್ತಾಗುವುದಿಲ್ಲವಂತೆ! ಕಡೆಗೆ ಪಕ್ಕದ ಅಂಗಡಿಯವನು, “ನಾವುಂದದ ಮಂಜಯ್ಯ ಶೆಟ್ರಾ? ಹಾಂಗಾರೆ ನೀವ್ ದಾಟಿ ಬಂದ್ರಿ. ತೆಂಕಕ್ಕೆ ಹೋಯ್ನಿ, ಶಾಲಿ ಸಿಕ್ಕಿದ ಕೂಡ್ಲೆ ಪಡುಬದಿಗೆ ತಿರ್ಗಿ” ಎಂದ.

“ಎಡಕ್ಕೋ ಬಲಕ್ಕೋ ಹೇಳಯ್ಯಾ!”

“ಅದ್ ನೀವ್ ಯಾವ ಬದಿಗೆ ಮುಖ ಮಾಡಿ ನಿಂತ್ರಿ ಅಂಬ್ದರ ಮೇಲೆ. ಪಡು ಅಂದ್ರೆ ನೀವ್ ತಲಿ ಕೆಳಗ್ ಮಾಡಿ ನಿಂತ್ರೂ ಪಡುವೇ.”

ತೆಂಕ ಎಂದರೆ ದಕ್ಷಿಣ, ಪಡು ಎಂದರೆ ಪಶ್ಚಿಮ ಎಂದು ಶೀನ ನಗುತ್ತಾ ಹೇಳಿದ. ನಾನು ಗದರಿದೆ. ಕಾರು ಬಂದ ದಾರಿಯಲ್ಲೇ ತಿರುಗಿತು.

ನಾವುಂದದ ಮನೆ ದೊಡ್ಡದೇ. ಅಂಗಳ ಸಗಣಿ ಸಾರಿಸಿ ಕನ್ನಡಿಯ ಹಾಗಿತ್ತು. ಐವತ್ತು ದಾಟಿದ ಹೆಂಗಸೊಬ್ಬಳು ಬಂದು, ಯಾರು ಎಂದೂ ಕೇಳದೆ ಬೆಲ್ಲ ನೀರು ತಂದಿಟ್ಟಳು. ಹೆಸರು ಕುಸುಮಾವತಿ, ಮಂಜಯ್ಯ ಶೆಟ್ಟರ ತಂಗಿ. ನನಗೆ ಮನೆ ನೋಡಿ ಸಂತೋಷವೇ ಆಗಿತ್ತು. ಬೆಲ್ಲ ಬಾಯಿಗೆ ಹಾಕಿಕೊಂಡೇ ಕೇಳಿದೆ.

“ಶೆಟ್ಟರು ಇದಾರಾ?”

“ಅಣ್ಣಯ್ಯ ಇಲ್ಲೆ. ಹೆಣ್ತಿ ಮನಿಗೆ ಹೋಯಿರ್.”

ಈ ವಯಸ್ಸಿನಲ್ಲಿ ಹೆಂಡತಿ ಮನೆಗೆ! ಹೆಂಡತಿಯೇನು ಜಗಳವಾಡಿ ತವರು ಸೇರಿದ್ದಾಳೆಯೇ ಎಂದು ಅಲ್ಲೇ ಅನುಮಾನ ಬಂತು. ಆದರೂ ಮುಂದುವರಿಸಿದೆ.

“ಅವರ ಮಗ ರತ್ನಾಕರ ಇದೇ ಮನೆಯೋನಲ್ವಾ?”

“ಅಲ್ಲ. ಅಂವ ನಮ್ಮನಿಯವ ಅಲ್ಲ.”

“ನಿಮ್ಮಣ್ಣನ ಮಗ ಅಲ್ವಾ?”

“ಅಣ್ಣಯ್ಯನ್ ಮಗನೇ.”

“ಮತ್ತೆ ಈ ಮನೆಯೋನು?”

“ಅಲ್ಲ ಅಂದೆ ಅಲ್ದಾ?”

“ಈ ಗದ್ದೆ ತೋಟದಲ್ಲಿ ಅವನಿಗೆ ಪಾಲು?”

ಆಕೆ ನಕ್ಕೇಬಿಟ್ಟಳು. “ಅಂವನಿಗೆ ಎಂತಕ್ಕೆ ಪಾಲ್? ಇದ್ ನನ್ನ ಮಕ್ಳ ಮನಿ.”

ನಾನು ಬೆಲ್ಲ ಉಗಿದು ಎದ್ದೆ. ಮಗನಂತೆ, ಮನೆಯವನಲ್ಲವಂತೆ! ತಮ್ಮ ಮನೆಯ ಹುಡುಗನನ್ನು ಹೀಗೆ ನಗುತ್ತಾ ಹೊರಗಿಡುತ್ತಾರೆಂದರೆ ಅವನ ಹುಟ್ಟಿನಲ್ಲೇ ಏನೋ ಇದೆ. ಗಿರಿಜಾ ಇನ್ನೂ ಏನೋ ಕೇಳಲು ನಿಂತಿದ್ದಳು. ರಟ್ಟೆ ಹಿಡಿದು ಎಳೆದುಕೊಂಡು ಬಂದು ಕಾರಿಗೆ ಹಾಕಿದೆ. ಮರವಂತೆಯ ಹೊತ್ತಿಗೆ ನಾನು ಆಗಲೇ ಹೇಳಿದ ಜಗಳ ಶುರುವಾಗಿತ್ತು.

ಮರವಂತೆಯಲ್ಲಿ ಹೊಳೆಯ ಕಡೆ ಮುಖ ಮಾಡಿಯೇ ನಿಂತಿದ್ದೆ. ಹೊಳೆ ತೆಪ್ಪಗೆ ಬಿದ್ದಿತ್ತು. ಬೆನ್ನ ಹಿಂದೆ ಸಮುದ್ರ ದಬದಬ ಎನ್ನುತ್ತಿತ್ತು. ಒಂದೇ ರಸ್ತೆಯ ಎರಡು ಕಡೆ ನೀರು ಹೀಗೇಕೆ ಎರಡು ಥರ ಎಂಬುದೂ ನನಗೆ ಆಗ ಸಿಟ್ಟು ತರುವ ವಿಷಯವಾಗಿತ್ತು.

ಶೀನ ಬಂದು ಪಕ್ಕದಲ್ಲಿ ನಿಂತ. “ಹ್ವಾಯ್ ಗೌಡ್ರೇ, ಒಂದ್ ಮಾತ್ ಹೇಳ್ಲಾ?”

“ನೀನು ಕಾರು ಓಡ್ಸು. ಬಾಯಿ ಓಡಿಸ್ಬೇಡ.”

“ಆಯ್ತ್” ಎಂದು ಅವನು ತಿರುಗಿ ಹೋದ. ಆಮೇಲೆ ನಾನೇ ರಸ್ತೆ ದಾಟಿ ಗಿರಿಜಾಳ ಹತ್ತಿರ ಹೋದೆ. ಅವಳು ಅತ್ತಿದ್ದಳೋ, ಅಲೆಯ ಹನಿ ಹಾರಿ ಮುಖ ಒದ್ದೆಯಾಗಿತ್ತೋ ಗೊತ್ತಾಗಲಿಲ್ಲ.

“ಇನ್ನೊಂದು ದಿನ ಅಪ್ಪಾ” ಎಂದಳು. “ಬ್ರಹ್ಮಾವರದ ಮನೆ ನೋಡೋಣ. ಅಲ್ಲೂ ಹೀಗೇ ಅಂದ್ರೆ ನಾನೇ ಕಡೂರಿಗೆ ಹೋಗಿ ಅವನಿಗೆ ಆಗಲ್ಲ ಅಂತ ಹೇಳ್ತೀನಿ.”

“ದೇವರಾಣೆಗೂ?”

“ಆಣೆ ಯಾಕೆ? ನಾನು ಹೇಳಿದ್ರೆ ಸಾಲ್ದಾ?”

ಸಾಕು. ಅವಳು ಸುಳ್ಳು ಹೇಳುವವಳಲ್ಲ.

ಮಾರನೆಯ ಬೆಳಿಗ್ಗೆ ಕುಂದಾಪುರದಿಂದ ಹೊರಟೆವು. ಕೋಡಿಯ ಸಮುದ್ರ ಇಲ್ಲೇ ಹತ್ತಿರವಂತೆ, ಒಂದು ಗಳಿಗೆ ನೋಡಿ ಹೋಗೋಣವೇ ಎಂದು ಗಿರಿಜಾ ಕೇಳಿದಳು. ನಾವು ಸಮುದ್ರ ನೋಡಲು ಬಂದವರಲ್ಲ ಎಂದೆ. ಅವಳು ಮತ್ತೆ ಕೇಳಲಿಲ್ಲ.

ಬ್ರಹ್ಮಾವರಕ್ಕೆ ಮುಂಚೆ ಒಂದು ದೊಡ್ಡ ಹೊಳೆ ಸಿಕ್ಕಿತು. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ್ದರು. ಅದಕ್ಕೆ ಜಂಗಲ್ ಎನ್ನುತ್ತಾರೆ. ಕಾರನ್ನು ಅದರ ಮೇಲೆ ಹತ್ತಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಗಳ ಹಾಕಿ ನೂಕುತ್ತಾ ಹೊರಟರು. ನಾನು ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕಾರು ಬಿದ್ದರೆ ಬಾಗಿಲು ಹಿಡಿದವನೂ ಬೀಳುತ್ತಾನೆ ಎಂದು ಆಗ ಹೊಳೆಯಲಿಲ್ಲ.

ಹೊಳೆಯ ನಡುವೆ ನಾನು ಬೈಯುವ ಸ್ಥಿತಿಯಲ್ಲಿಲ್ಲ ಎಂದು ಕಂಡುಕೊಂಡು ಶೀನ ಬಾಯಿ ಬಿಟ್ಟ.

“ಗೌಡ್ರೇ, ನಿನ್ನೆಯಿಂದ ನೀವ್ ಕೇಂಬ್ದೇ ತಪ್ಪ್. ನಮ್ಮ ಬದಿಲಿ ಅಪ್ಪನ ಮನಿ ಕೇಂಡ್ರೆ ಆತಿಲ್ಲೆ. ತಾಯಿ ಮನಿ ಕೇಣ್ಕ್. ನಿಮ್ದ್ ಮಕ್ಳಕಟ್ಟ್. ನಮ್ದ್ ಅಳಿಯಕಟ್ಟ್.”

“ಅಂದ್ರೆ?”

“ಅಂದ್ರೆ ಮನಿ ಹೆಂಗಸರ ಬದಿಂದ ಹೋಪ್ದ್. ಹುಟ್ಟಿದ ಮಕ್ಳ್ ತಾಯಿ ಮನಿಯವ್ರ್. ಗಂಡ್ಸ್ ಅವ್ನ ತಾಯಿ ಮನಿಯವ. ಹೆಣ್ತಿ ಮನಿಗೆ ಹೋಯಿ ಬಂದ್ ಮಾಡ್ತಾ. ಮಂಜಯ್ಯ ಶೆಟ್ರ್ ನಾವುಂದದವ್ರ್, ಅವ್ರ ಹೆಣ್ತಿ ಮಕ್ಳ್ ಬ್ರಹ್ಮಾವರದವ್ರ್. ಅದ್ರಂಗೆ ಎಂತ ತಪ್ಪಿಲ್ಲೆ.”

“ಮತ್ತೆ ಅಪ್ಪನ ಆಸ್ತಿ?”

“ಅಪ್ಪನ ತಂಗಿ ಮಕ್ಳಿಗೆ.”

“ಥೂ! ನಿನ್ನ ಆಸ್ತಿ ನಿನ್ನ ಮಕ್ಕಳಿಗೆ ಬರಲ್ಲ ಅಂದ್ರೆ ನಿನಗೆ ಏನೂ ಅನ್ಸಲ್ವೇನೋ?”

“ನನ್ನತ್ರ ಎಲ್ಲಿತ್ತ್ ಆಸ್ತಿ? ಇಪ್ದ್ ಒಂದ್ ಸ್ಟೇರಿಂಗ್. ಅದೂ ಒಡೇರ್ದ್.”

ಗಿರಿಜಾ ನಕ್ಕಳು. ಎರಡು ದಿನದಲ್ಲಿ ಮೊದಲ ಸಲ. ನನಗೆ ಪೂರ್ತಿ ಅರ್ಥವಾಗಲಿಲ್ಲ. ಅರ್ಧ ಅರ್ಥವಾಯಿತು. ಆ ಅರ್ಧದಲ್ಲಿ ಒಂದು ಮಾತು ಸ್ಪಷ್ಟವಿತ್ತು: ಹುಡುಗನ ಹುಟ್ಟಿನಲ್ಲಿ ದೋಷವಿಲ್ಲ, ದೋಷ ನನ್ನ ಬಾಯಲ್ಲಿತ್ತು. ತಪ್ಪಾಯಿತು ಎನ್ನುವ ಅಭ್ಯಾಸ ನನಗಿಲ್ಲ. ದಡದಲ್ಲಿ ಒಬ್ಬ ಎಳನೀರು ಮಾರುತ್ತಿದ್ದ. ಕೊಚ್ಚಿಸಿ ಮೊದಲನೆಯದನ್ನು ಗಿರಿಜಾಳ ಕೈಗೆ ಕೊಟ್ಟೆ. ಅವಳು ತೆಗೆದುಕೊಂಡು ಕುಡಿದಳು. ನಮ್ಮ ಮನೆಯಲ್ಲಿ ರಾಜಿಯಾಗುವುದೇ ಹಾಗೆ.

ಈ ಸಲ ತಾಯಿ ಮನೆ ಕೇಳಿದೆ. ಅಂಚೆ ಹಂಚುವವನು ಎರಡೇ ಮಾತಿನಲ್ಲಿ ದಾರಿ ಹೇಳಿದ. ಹೆದ್ದಾರಿ ಬಿಟ್ಟು ಗದ್ದೆಯ ನಡುವಿನ ಮಣ್ಣು ದಾರಿಯಲ್ಲಿ ಹೋಗಿ, ಕಾರು ನಿಲ್ಲಿಸಿ, ಅಂಚಿನ ಮೇಲೆ ನಡೆದು ಹೋಗಬೇಕು. ಜಗಲಿಯ ಮೇಲೆ ದಪ್ಪ ಮೀಸೆಯ ಹಿರಿಯರೊಬ್ಬರು ಕಾಲು ಚಾಚಿ ವೀಳ್ಯ ಮೆಲ್ಲುತ್ತಿದ್ದರು. ಹುಡುಗನ ಮೂಗೇ ಅವರದು.

“ಮಂಜಯ್ಯ ಶೆಟ್ಟರಾ?”

“ಹೌದ್. ಬನ್ನಿ, ಕೂಕಣಿ.”

ಕೂತೆ. ಊರು ಹೆಸರು ಹೇಳಿದೆ. ಅವರಿಗೆ ನಾನು ಯಾರೆಂದು ತಕ್ಷಣ ತಿಳಿಯಿತು. ರತ್ನಾಕರ ತಾಯಿಗೆ ಕಾಗದ ಬರೆದಿದ್ದನಂತೆ. ನಾನು ನೇರವಾಗಿ, “ಗದ್ದೆ ಎಷ್ಟಿದೆ ಶೆಟ್ರೇ?” ಎಂದೆ.

“ಅದ್ ನನ್ನತ್ರ ಕೇಂಡ್ರೆ? ನಾನಿಲ್ಲಿ ನೆಂಟ.”

“ನಿಮ್ಮ ಹೆಂಡತಿ ಮನೇಲಿ ನೀವು ನೆಂಟರಾ?”

“ನಲ್ವತ್ತ್ ವರ್ಷ ಆಯ್ತ್. ಇವತ್ತಿಗೂ ಬಂದ್ ಕೂಡ್ಲೆ ಕಾಲಿಗೆ ನೀರ್ ಕೊಡ್ತ್ರ್. ನಿಮ್ಗೆ ನಿಮ್ಮನಿಲಿ ಯಾರ್ ಕೊಡ್ತ್ರ್?” ಎಂದು ಅವರು ಮೀಸೆಯಲ್ಲೇ ನಕ್ಕರು.

ಅಷ್ಟರಲ್ಲಿ ಅವರ ಹೆಂಡತಿ ಚಂದು ಶೆಡ್ತಿ ಹೊರಗೆ ಬಂದರು. ಅರವತ್ತರ ಹತ್ತಿರದ, ನೆಟ್ಟಗೆ ನಿಲ್ಲುವ ಹೆಂಗಸು. ಬಾಗಿಲ ಕಂಬಕ್ಕೆ ಒರಗಿ ನಿಂತದ್ದೇ ಆ ಮನೆಯ ಯಜಮಾನಿಕೆ ಯಾರದೆಂದು ಗೊತ್ತಾಯಿತು. ಹಿಂದೆ ಮಗಳು ಹರಿಣಾಕ್ಷಿ, ಅವಳ ಕಂಕುಳಲ್ಲಿ ಒಂದು ಕೂಸು. ಗಿರಿಜಾಳನ್ನು ಕಂಡವಳೇ ಹರಿಣಾಕ್ಷಿ, “ಕಾಗ್ದದ ಹೆಣ್ಣ್ ಇವ್ಳೇ ಅಬ್ಬೆ! ಅಣ್ಣ ಬರ್ದದ್ದಕ್ಕಿಂತ ಚಂದ ಇತ್ತಲೆ” ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಕೂಸು ಗಿರಿಜಾಳ ಕೈಗೆ ಹೋಯಿತು.

ನಾನು ಕೇಳಿದ್ದಕ್ಕೆಲ್ಲ ಚಂದು ಶೆಡ್ತಿ ನಿಂತಲ್ಲೇ ಉತ್ತರ ಕೊಟ್ಟರು. ಗದ್ದೆ ಇಷ್ಟು, ಎರಡು ಬೆಳೆ. ಕೋಣ ಎರಡು ಜೋಡಿ. ರತ್ನಾಕರ ಈ ಮನೆಯವನೇ, ಸಂಶಯ ಬೇಡ. ಅವನ ಹೋಟೆಲಿಗೆ ದುಡ್ಡು ಹಾಕಿದ್ದೂ ಈ ಮನೆಯೇ. ಜಾತಿಯ ಮಾತು ಬಂದಾಗ ಆಕೆ, “ನೀವೂ ನೇಗ್ಲ್ ಹಿಡ್ದವ್ರ್, ನಾವೂ ನೇಗ್ಲ್ ಹಿಡ್ದವ್ರ್. ಊರವ್ರ್ ನಾಕ್ ದಿನ ಮಾತಾಡ್ತ್ರ್, ಐದ್ನೇ ದಿನ ಅವ್ರಿಗೂ ಗದ್ದಿ ಕೆಲ್ಸ ಇತ್ತಲೆ” ಎಂದರು. ನನಗೆ ಆ ಮಾತು ಹಿಡಿಸಿತು. ಗಟ್ಟಿ ಹೆಂಗಸು.

ನಾನು ತೊಡೆ ತಟ್ಟಿ ಹೇಳಿದೆ: “ಆಯ್ತಮ್ಮಾ. ನನಗೆ ಒಪ್ಪಿಗೆ. ಹೆಣ್ಣು ಕೊಡ್ತೀನಿ.”

ಒಳಗೆ ಹರಿಣಾಕ್ಷಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಗಿರಿಜಾ ಬಾಗಿಲಿಗೆ ಬಂದು ನಿಂತಳು, ಕೂಸನ್ನು ಎದೆಗೆ ಹಚ್ಚಿಕೊಂಡು. ಅವಳ ಮುಖ ಹಾಗೆ ಅರಳಿದ್ದನ್ನು ನಾನು ಅವಳು ಟ್ರೈನಿಂಗ್ ಪಾಸಾದ ದಿನವೂ ಕಂಡಿರಲಿಲ್ಲ.

ಅಲ್ಲಿಗೇ ನಿಲ್ಲಬೇಕಿತ್ತು.

“ಇನ್ನ್ ನಾ ಒಂದ್ ಕೇಂತೆ ಗೌಡ್ರೇ” ಎಂದರು ಚಂದು ಶೆಡ್ತಿ. “ನೀವ್ ನಮ್ಮ ಗದ್ದಿ ಕೇಂಡ್ರಿ, ಕೋಣ ಕೇಂಡ್ರಿ, ಎಲ್ಲ ಕೇಂಡ್ರಿ. ನಿಮ್ಮನಿಲಿ ಇವ್ಳ್ ಮಕ್ಳಿಗೆ ಎಂತ ಇತ್ತ್?”

“ಇವಳ ಮಕ್ಕಳಿಗಾ? ಹಬ್ಬಕ್ಕೆ ಬರ್ತಾವೆ. ಉಂಡು, ಹೊಸ ಬಟ್ಟೆ ಹಾಕ್ಕೊಂಡು ಹೋಯ್ತಾವೆ.”

“ಬಂದ್ ಹೋಪ್ದಲ್ಲ. ಇಪ್ಪುಕೆ.”

“ಇರಕ್ಕೆ ಇಲ್ಲಿಲ್ವಾ? ಅವರಪ್ಪನ ಮನೆ ಇದು!”

ಮಂಜಯ್ಯ ಶೆಟ್ಟರು ವೀಳ್ಯ ಉಗಿಯಲು ಎದ್ದು ಹೋದರು. ಚಂದು ಶೆಡ್ತಿ ಮಗುವಿಗೆ ತಿಳಿಹೇಳುವವರ ಹಾಗೆ ಹೇಳಿದರು: “ಅವ್ರಪ್ಪನ ಮನಿ ಅವ್ರ ಮನಿ ಹ್ಯಾಂಗಾತ್ತ್? ರತ್ನಾಕರ ಬದ್ಕಿಪ್ಪು ತನಕ ಅಂವನಿಗೆ ಇಲ್ಲಿ ಅನ್ನ ಇತ್ತ್, ಇವ್ಳಿಗೂ ಇತ್ತ್. ಅಂವನ ನಂತ್ರ ಈ ಮನಿ ಹರಿಣಾಕ್ಷಿ ಮಕ್ಳದ್ದ್. ಈಗ ಇವ್ಳ್ ಎತ್ಕಂಡಿತ್ತಲ್ದಾ, ಆ ಕೂಸಿಂದ್. ಇವ್ಳ್ ಹೆತ್ತ ಮಕ್ಳ್ ನಿಮ್ಮನಿಯವ್ರ್.”

ಜಂಗಲಿನ ಮೇಲೆ ಅರ್ಥವಾಗದೆ ಉಳಿದ ಇನ್ನರ್ಧ ಆಗ ಅರ್ಥವಾಯಿತು. ಮೈ ಉರಿಯಿತು.

“ಮಗನ ಮಕ್ಕಳನ್ನ ಬೀದಿಗೆ ಹಾಕ್ತೀರಾ? ನಿಮ್ಮ ರಕ್ತ ಅಲ್ವಾ ಅವು?”

“ನಾವ್ ಹಾಕ್ಲಿಲ್ಲೆ. ಹೆತ್ತ ಮಗ್ಳ್ ಮಕ್ಳಿಗೆ ಹಬ್ಬದ ಊಟ ಅಂದ್ರಿ, ನೀವ್ ಹಾಕ್ದ್ರಿ. ನಿಮ್ಮ ರಕ್ತ ಅಲ್ದಾ ಅದ್?”

“ಹೆಣ್ಣು ಕೊಟ್ಟ ಮೇಲೆ ಅದು ಹೊರಗಿನದಮ್ಮಾ! ಎಲ್ಲಾದ್ರೂ ಉಂಟಾ, ಮಗಳ ಮಕ್ಕಳಿಗೆ ಮನೆ?”

“ಎಲ್ಲಾರೂ ಇತ್ತಾ ಅಂಬ್ರ್! ನೀವ್ ಈಗ ಕೂಕಂಡದ್ದ್ ಎಲ್ಲಿ?”

ಮಂಜಯ್ಯ ಶೆಟ್ಟರು ತಿರುಗಿ ಬಂದು ಸಮಾಧಾನದ ದನಿ ತೆಗೆದರು. “ದಿಲ್ಲಿಲಿ ಎಂತದೋ ಹೊಸ ಕಾಯ್ದಿ ಆಯಿತ್ತಂಬ್ರ್. ಇನ್ನ್ ಮಕ್ಳಿಗೂ ಸಿಕ್ಕತ್ತಂಬ್ರ್...”

“ನೀವ್ ನಾವುಂದದಾಗೆ ನಿಮ್ಮ್ ಮಕ್ಳಿಗೆ ಕೊಟ್ರ್ಯಾ?” ಎಂದರು ಹೆಂಡತಿ.

ಶೆಟ್ಟರು ಮತ್ತೆ ವೀಳ್ಯದ ತಟ್ಟೆಗೆ ಕೈ ಹಾಕಿದರು.

ನಾನು ನಿಜ ಹೇಳುತ್ತೇನೆ, ಆಕೆ ಮೋಸ ಮಾಡುವ ಹೆಂಗಸಲ್ಲ. ನಾನೂ ಅಲ್ಲ. ನಾನು ಕೇಳುವಾಗ ಆಕೆಗೆ ನಾನು ರಾಕ್ಷಸನಂತೆ ಕಂಡೆ. ಆಕೆ ಉತ್ತರ ಕೊಡುವಾಗ ನನಗೆ ಆಕೆ ರಾಕ್ಷಸಿಯಂತೆ ಕಂಡಳು. ಇಬ್ಬರೂ ಒಂದೇ ಮಾತನ್ನು ಒಬ್ಬರಿಗೊಬ್ಬರು ಕೂಗುತ್ತಿದ್ದೆವು. ಹಾಗಿದ್ದೂ ಜಗಳ ಏಕೆ ಮುಗಿಯುತ್ತಿಲ್ಲ ಎಂದು ನನಗೆ ತಿಳಿಯಲಿಲ್ಲ.

ಗಿರಿಜಾ ಕೂಸನ್ನು ಹರಿಣಾಕ್ಷಿಯ ಕೈಗೆ ಕೊಟ್ಟು ಜಗಲಿಗೆ ಬಂದಳು.

“ಅಪ್ಪಾ, ಒಂದು ಕೋಣೆ.”

“ಏನು?”

“ನಮ್ಮ ಮನೇಲಿ ಒಂದು ಕೋಣೆ ನನ್ನ ಮಕ್ಕಳದ್ದು ಅಂತ ಇವರೆದುರು ಹೇಳು. ಕಾಗದ ಪತ್ರ ಬೇಡ. ಗದ್ದೆ ಬೇಡ. ಬಾಯಲ್ಲಿ ಹೇಳು ಸಾಕು. ನೀನು ಹೇಳಿದ್ರೆ ಮಾಡ್ತೀಯ.”

ಅದೇ ತೊಂದರೆಯಾಗಿತ್ತು. ಸುಮ್ಮನೆ ಹೇಳಿಬಿಡುವ ಜಾತಿಯವನಾಗಿದ್ದರೆ ಹೇಳುತ್ತಿದ್ದೆ. ನನ್ನ ಮಗ ಸೋಮನ ಮುಖ ಕಣ್ಣ ಮುಂದೆ ಬಂತು. ಅವನ ಹೆಂಡತಿ, ಅವನ ಎರಡು ಗಂಡು ಮಕ್ಕಳು, ಊರಿನ ಕಟ್ಟೆ, ಕಟ್ಟೆಯ ಮೇಲಿನ ನಗು. ಗೌಡ ಮಗಳಿಗೆ ಮನೆ ಹಂಚಿದನಂತೆ.

“ಹೆಣ್ಮಕ್ಕಳಿಗೆ ಕೊಡೋ ಪದ್ಧತಿ ನಮ್ಮಲ್ಲಿಲ್ಲ” ಎಂದೆ.

ಅವಳು ಚಂದು ಶೆಡ್ತಿಯ ಕಡೆ ತಿರುಗಿದಳು. “ನೀವಮ್ಮಾ?”

ಆಕೆಯ ದನಿ ಮೆತ್ತಗಾಗಿತ್ತು. “ಮಗಾ, ಅದ್ ನನ್ನ ಕೈಯಲ್ಲಿಲ್ಲೆ. ಹಿರಿಯರ್ ಮಾಡಿಟ್ಟದ್ದ್. ನಾ ಮುರಿದ್ರೆ ನಾಳೆ ಹರಿಣಾಕ್ಷಿ ಮಕ್ಳ್ ನನ್ನ ಕೇಂತ್ರ್.”

“ರತ್ನಾಕರನಿಗೆ ಇದೆಲ್ಲ ಗೊತ್ತಾ?”

“ಗೊತ್ತಿಲ್ದೇ? ಇದೇ ಮನಿಲಿ ಹುಟ್ಟಿದಂವ.”

ಗಿರಿಜಾ ತಲೆಯಾಡಿಸಿದಳು. ಶಾಲೆಯಲ್ಲಿ ಮಕ್ಕಳು ಲೆಕ್ಕ ತಪ್ಪು ಮಾಡಿದಾಗ ಆಡಿಸುವ ಹಾಗೆ, ಸಿಟ್ಟಿಲ್ಲದೆ. “ನನ್ನ ಮಕ್ಕಳು ಹುಟ್ಟೋದಕ್ಕೆ ಮುಂಚೆನೇ ಎರಡು ಮನೆ ಕಳ್ಕೊಂಡ್ವು” ಎಂದಳು. ಮೆಟ್ಟಿಲ ಕೆಳಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡಳು. ಕೈಯಲ್ಲಿ ಅವಳ ಸಣ್ಣ ಚೀಲ ಇತ್ತು.

“ಎಲ್ಲಿಗೆ?” ಎಂದೆ.

“ಕಾರಿಗಲ್ಲ.”

“ಹೋಗು! ಹೋಗು! ನಡೆದು ಎಷ್ಟು ದೂರ ಹೋಗ್ತೀಯೋ ನೋಡ್ತೀನಿ!”

ಅವಳು ಗದ್ದೆಯ ಅಂಚಿನ ಮೇಲೆ, ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿಕೊಂಡು, ನೆಟ್ಟಗೆ ನಡೆದು ಹೋದಳು. ಹರಿಣಾಕ್ಷಿ ಕರೆದಳು. ಚಂದು ಶೆಡ್ತಿ ಅಂಗಳದ ತುದಿಯವರೆಗೆ ಹೋಗಿ ನಿಂತರು. ನಾನು ಕುಳಿತಲ್ಲಿಂದ ಏಳಲಿಲ್ಲ. “ಬರ್ತಾಳೆ ಬಿಡಿ. ಇದು ಅವಳಿಗೂ ಪರದೇಶ” ಎಂದೆ. ನಾಲ್ಕು ಮಾರು ಹೋಗಿ ತಿರುಗುತ್ತಾಳೆ ಎಂದುಕೊಂಡಿದ್ದೆ. ತಿರುಗಲಿಲ್ಲ. ಕಾರಿನ ಹತ್ತಿರ ನಿಲ್ಲುತ್ತಾಳೆ ಎಂದುಕೊಂಡೆ. ಶೀನ ಕಾರಿನಿಂದ ಇಳಿದು ಏನೋ ಕೇಳಿದ್ದು ಕಾಣಿಸಿತು. ಅವಳು ಕೈಯಾಡಿಸಿ ಮುಂದೆ ಹೋದಳು.

ಅಷ್ಟಾದರೂ ಆ ಮನೆಯವರು ನನ್ನನ್ನು ಊಟಕ್ಕೆ ಎಬ್ಬಿಸಿದರು. ಜಗಳವಾಡಿದ ಮನೆಯಲ್ಲಿ ಉಣ್ಣಲಾರೆ ಎಂದೆ. ಚಂದು ಶೆಡ್ತಿ, “ಜಗಳ ಜಗಳದ ಬದಿಗಿರ್ಲಿ, ಹಸಿದ್ ಹ್ವಾದ್ರಿ ಅಂಬ್ದ್ ಬೇಡ” ಎಂದು ಎಲೆ ಹಾಕಿದರು. ಮೀನು ಸಾರು. ಮುಳ್ಳು ತೆಗೆಯಲು ಬಾರದೆ ಅನ್ನ ಕೆದಕುತ್ತಾ ಕೂತೆ. ಕಿವಿ ಹೊರಗೇ ಇತ್ತು.

ಕೈ ತೊಳೆಯುವಾಗ ಶೀನ ಓಡುತ್ತಾ ಬಂದ.

“ಗೌಡ್ರೇ, ಅಕ್ಕ ಬಸ್ ಹತ್ತಿರಂಬ್ರ್.”

“ಯಾವ ಬಸ್ಸು? ಯಾವ ಕಡೆಗೆ?”

“ಗೂಡಂಗಡಿಯವ್ನತ್ರ ಕೇಂಡೆ. ಹತ್ತಿದ್ದ್ ಕಂಡೆ, ಬೋರ್ಡ್ ಕಾಣ್ಲಿಲ್ಲೆ ಅಂದ.”

“ಹತ್ತೋದು ಕಾಣುತ್ತೆ, ಬೋರ್ಡು ಕಾಣಲ್ವಾ ಆ ನನ್ಮಗನಿಗೆ?”

ಹೆದ್ದಾರಿಗೆ ಓಡಿದೆ. ಕಡೂರಿಗೆ ಹೋದಳೇ? ಹೋದರೆ ಶಾಲೆಗೋ, ಹೋಟೆಲಿಗೋ? ಅವನಿಗೆ ಆಗುವುದಿಲ್ಲ ಎಂದು ಹೇಳಲು ಹೋದಳೋ, ನನ್ನ ಜೊತೆ ಹೊರಡು ಎಂದು ಹೇಳಲು ಹೋದಳೋ? ಇಲ್ಲ, ಯಾರಿಗೂ ಹೇಳದೆ ಉಡುಪಿಯ ಕಡೆಗೋ ಮಂಗಳೂರಿನ ಕಡೆಗೋ? ಸಂಬಳ ತರುವ ಹೆಣ್ಣು ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬುದು ಅವಳನ್ನು ಓದಿಸುವಾಗ ನನಗೆ ಹೊಳೆದಿರಲಿಲ್ಲ.

ಶೀನ ಕಾರು ತಂದು ರಸ್ತೆಯಂಚಿಗೆ ನಿಲ್ಲಿಸಿದ. ಯಾವ ದಿಕ್ಕಿಗೆ ಬಿಡಲಿ ಎಂದು ಕೇಳಿದ. ಒಂದು ದಿಕ್ಕಿಗೆ ಹೋದರೆ ಅವಳು ಇನ್ನೊಂದು ದಿಕ್ಕಿನಿಂದ ಬಂದುಬಿಟ್ಟರೆ? ಇಲ್ಲೇ ಇರೋಣ ಎಂದೆ.

ಆ ಕಡೆಯಿಂದ ಒಂದು ಬಸ್ಸು ಬಂತು. ಎದ್ದು ನಿಂತು ಕಿಟಕಿಗಳನ್ನೆಲ್ಲ ನೋಡಿದೆ. ಈ ಕಡೆಯಿಂದ ಒಂದು ಬಂತು. ಅದರ ಬಾಗಿಲಿಗೇ ಹತ್ತಿ ನೋಡಿದೆ. ಕಂಡಕ್ಟರ್, “ಎಲ್ಲಿಗೆ ಹೋಪ್ದ್ ನೀವ್?” ಎಂದು ಕೇಳಿದ. ಇಳಿದೆ. ಮಂಜಯ್ಯ ಶೆಟ್ಟರು ಹೆಗಲ ಮೇಲೆ ಪಂಚೆ ಹಾಕಿಕೊಂಡು ಬಂದು ನನ್ನ ಪಕ್ಕ ಕುಳಿತರು. ಸ್ವಲ್ಪ ಹೊತ್ತಿಗೆ ಚಂದು ಶೆಡ್ತಿಯೂ ಬಂದು ಗದ್ದೆಯಂಚಿನಲ್ಲಿ ನಿಂತು ರಸ್ತೆ ನೋಡತೊಡಗಿದರು.

ಸಂಜೆಯವರೆಗೆ ಏಳು ಬಸ್ಸು ಹೋದವು. ಏಳರಲ್ಲೂ ನೋಡಿದೆ. ಗಿರಿಜಾ ಬರಲಿಲ್ಲ.